ಪಕ್ಕದ ಸೀಟು

“ಬಾನೆಟ್ ಎತ್ತಿ ನೋಡಿದ್ದು ಸಾಕು ಮಾವ, ಒಳಗೆ ಕೂತು ನೋಡಿ,” ಎಂದಳು ಮಾವನ ತಂಗಿಯ ಮಗಳು.

“ಕೂರೋದೇನಿದೆ? ನಲವತ್ತು ವರ್ಷ ಗ್ಯಾರೇಜಲ್ಲಿ ಬೆನ್ನು ಬಗ್ಗಿಸಿದವನಿಗೆ ನೀನು ಕಾರು ನೋಡೋದು ಹೇಳಿಕೊಡ್ತೀಯಾ?”

ಮಾವನಿಗೆ ಎಪ್ಪತ್ತೆರಡು. ಮೆಕ್ಯಾನಿಕ್ ಆಗಿದ್ದವರು. ಇಂಜಿನ್ ಸದ್ದಿಗೆ ಕಿವಿಗೊಟ್ಟೇ ಅದರ ಕಾಯಿಲೆ ಹೇಳಿಬಿಡುತ್ತಿದ್ದರು. ಮನೆಯಲ್ಲಿದ್ದ ಹಳೆಯ ಕಾರನ್ನೂ ಹಾಗೇ ಆರಿಸಿದ್ದು. ನೆಲಕ್ಕೆ ಅಂಟಿಕೊಂಡಂತೆ ಓಡುವ ತಗ್ಗಿನ ಕಾರು. ಈಗ ಶೋರೂಮಿನಲ್ಲೂ ಅಂಥದ್ದರ ಮುಂದೆಯೇ ನಿಂತಿದ್ದರು. ಅತ್ತೆ ಗೋಡೆ ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದರು. ಅವರು ಮನೆಯಿಂದ ಹೊರಬಂದೇ ಎಷ್ಟೋ ತಿಂಗಳಾಗಿತ್ತು. ಯಾಕೆಂದು ಯಾರಿಗೂ ಗೊತ್ತಿರಲಿಲ್ಲ. ಇವತ್ತು ಹುಡುಗಿಯೇ ಬಲವಂತ ಮಾಡಿ ಆಟೋದಲ್ಲಿ ಕರೆತಂದಿದ್ದಳು. ಮಂಡಿ, ಸೊಂಟ ಹಿಡಿದವರಿಗೆ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವುದು ಅವಳ ಕೆಲಸ.

“ಇಂಜಿನ್ ನೋಡಿದ್ದಾಯ್ತಲ್ಲ, ಇನ್ನು ನಿಮ್ಮ ಮೈ ಒಪ್ಪುತ್ತಾ ನೋಡಿ. ಪೆಡಲ್ ತುಳೀರಿ. ಕತ್ತು ತಿರುಗಿಸಿ, ಹಿಂದೆ ಏನು ಕಾಣುತ್ತೆ?”

ಸ್ಟೀರಿಂಗ್ ಮುಂದೆ ಕೂತ ಮಾವನ ಕತ್ತು ಅರ್ಧಕ್ಕೇ ನಿಂತಿತು. “ಕನ್ನಡಿ ಯಾಕಿದೆ ಮತ್ತೆ?” ಎಂದು ಗೊಣಗಿದರು.

“ಅತ್ತೆ, ನೀವೂ ಬನ್ನಿ. ಮೂರು ಸಲ ಕೂತು ಏಳಿ.”

“ಅವಳೇನು ಓಡಿಸ್ತಾಳಾ?”

“ಓಡಿಸಲ್ಲ ಮಾವ. ಇಳೀಬೇಕಲ್ಲ?”

ಅತ್ತೆ ಪಕ್ಕದ ಸೀಟಿನಲ್ಲಿ ಕೂತರು. ಕೂತದ್ದಲ್ಲ, ಬಿದ್ದರು ಅನ್ನಬೇಕು. ಏಳಲು ಬಾಗಿಲು ಹಿಡಿದರು, ಸೀಟು ಹಿಡಿದರು, ಕೊನೆಗೆ ಹುಡುಗಿಯ ಕೈ ಹಿಡಿದರು. ಹಣೆ ತುಂಬ ಬೆವರು.

“ಯಾವಾಗಿಂದ ಹೀಗೆ?” ಮಾವನ ದನಿ ಇಳಿದಿತ್ತು.

“ಎರಡು ವರ್ಷ ಆಯ್ತು ರೀ. ಅದಕ್ಕೇ ಕಾರು ಹತ್ತೋದೇ ಬಿಟ್ಟೆ. ನಿಮಗೆ ಆ ಕಾರು ಅಂದ್ರೆ ಪ್ರಾಣ. ಏನಂತ ಹೇಳ್ಲಿ?”

ಹೋದ ವರ್ಷ ಬೇರೆ ಊರಲ್ಲಿದ್ದ ಅತ್ತೆಯ ಅಕ್ಕ ಹಾಸಿಗೆ ಹಿಡಿದಿದ್ದರು. ಪ್ರತಿ ಭಾನುವಾರ “ನೋಡ್ಕೊಂಡು ಬರೋಣ ಬಾರೇ” ಎಂದು ಮಾವ ಕರೆಯುತ್ತಿದ್ದರು. “ತಲೆನೋವು, ಮುಂದಿನ ವಾರ” ಎಂದು ಅತ್ತೆ ಒಳಗೆ ಹೋಗಿಬಿಡುತ್ತಿದ್ದರು. ಹನ್ನೊಂದು ಭಾನುವಾರ ಹಾಗೇ ಹೋದವು. ಆಮೇಲೆ ಅಕ್ಕನೇ ಇರಲಿಲ್ಲ.

“ಬೇರೆಯವರ ಹತ್ರ ನಿನ್ನ ಕಲ್ಲೆದೆಯವಳು ಅಂದುಬಿಟ್ಟಿದ್ದೆ ಕಣೇ,” ಎಂದರು ಮಾವ.

“ಕೇಳಿಸ್ಕೊಂಡಿದ್ದೆ,” ಎಂದರು ಅತ್ತೆ.

ಆ ದಿನ ಅವರು ಆರಿಸಿದ್ದು, ಬಂದ ಕೂಡಲೇ ಮಾವ ‘ಡಬ್ಬ’ ಎಂದು ಹೀಯಾಳಿಸಿದ್ದ ಎತ್ತರದ ಕಾರನ್ನು. ಅದರ ಸೀಟು ಅತ್ತೆಯ ಸೊಂಟದ ಮಟ್ಟಕ್ಕಿತ್ತು. ಕೂತು ಕಾಲು ಒಳಗೆಳೆದುಕೊಂಡರಾಯಿತು. ಬಾಗಿಲು ಅಗಲ. ಹಿಂದೆ ಏನಿದೆ ಎಂದು ಮಾವನಿಗೆ ಕ್ಯಾಮೆರಾ ತೋರಿಸುತ್ತಿತ್ತು. “ಕಣ್ಣು ಪರೀಕ್ಷೆ ಮಾಡಿಸದೆ ಕೀ ಮುಟ್ಟೋ ಹಾಗಿಲ್ಲ,” ಎಂದು ಹುಡುಗಿ ಹಟ ಹಿಡಿದಳು. ಮಾವ ಅದಕ್ಕೂ ಒಪ್ಪಿದರು.

ವಯಸ್ಸಾದ ಮೇಲೆ ಕಾರು ಕೊಳ್ಳುವವರೇ, ಒಬ್ಬರೇ ಹೋಗಬೇಡಿ. ಪಕ್ಕದಲ್ಲಿ ಕೂರುವವರನ್ನೂ ಕರೆದುಕೊಂಡು ಹೋಗಿ. ಅವರು ಕೂತು ಏಳುವಾಗ ಮುಖ ನೋಡಿ. “ಪರವಾಗಿಲ್ಲ” ಎಂದರೆ ಇನ್ನೊಂದು ಸಲ ಕೇಳಿ. ನೋವು ನುಂಗಿಕೊಂಡಿರುವವರೇ, ದಯವಿಟ್ಟು ನೀವೂ ಬಾಯಿ ಬಿಡಿ. ತಡವಾದರೆ ಕೆಲವು ಮನೆಗಳಲ್ಲಿ ಕಾಯುವವರು ಇರುವುದಿಲ್ಲ.

ಕಾರು ಮನೆಗೆ ಬಂದ ಮೊದಲ ಭಾನುವಾರ ಮಾವ ಕೇಳಿದರು, “ಎಲ್ಲಿಗೆ ಹೋಗೋಣ?”

“ಅಕ್ಕನ ಮನೆಗೆ.”

“ಅಲ್ಲಿ ಈಗ…”

“ಭಾವ ಇದ್ದಾರಲ್ಲ ರೀ, ಒಬ್ಬರೇ.”

ಮಾವ ಬಾಗಿಲು ತೆಗೆಯಲೆಂದು ಆ ಕಡೆಗೆ ಸುತ್ತಿ ಬಂದರು. ಅಷ್ಟರಲ್ಲಿ ಅತ್ತೆ ತಾವೇ ಹತ್ತಿ ಕೂತು, ಬಾಗಿಲು ಎಳೆದುಕೊಂಡಿದ್ದರು.