ಎರಡನೆಯ ಲೋಟ ಯೂರಿಯಾ

ಐವತ್ತೊಂದು, ಐವತ್ತೆರಡು, ನಿಂತಿತು, ಹಸುವಿನ ದವಡೆ ನಿಂತೇಬಿಟ್ಟಿತು — ಇಲ್ಲ, ಒಂದು ಉಂಡೆ ಕೆಳಗಿಳಿದು ಇನ್ನೊಂದು ಮೇಲೆ ಬರುವಷ್ಟು ಹೊತ್ತು, ಅಷ್ಟೇ, ಇಗೋ ಕುತ್ತಿಗೆಯಲ್ಲಿ ಏರಿ ಬಂತು, ಮತ್ತೆ ಒಂದು, ಎರಡು, ಯೂರಿಯಾ ಜಾಸ್ತಿಯಾದರೆ ಮೆಲುಕು ನಿಲ್ಲುತ್ತದೆ ಅಂದಿದ್ದರು ಪಶುವೈದ್ಯರು, ಆಮೇಲೆ ನಡುಕ, ನೊರೆ, ಹೊಟ್ಟೆಯುಬ್ಬರ, ತಿಂದ ಒಂದೆರಡು ಗಂಟೆಯೊಳಗೆ, ಈಗ ಒಂಬತ್ತೂವರೆ, ನಾದಿನಿ ಇವುಗಳಿಗೆ ಹಾಕಿದ್ದು ಎಂಟಕ್ಕೆ, ಒಂಬತ್ತು ಹಸುಗಳಲ್ಲಿ ಎಂಟು ನೆಮ್ಮದಿಯಾಗಿ ಮೆಲುಕು ಹಾಕುತ್ತಿವೆ, ಕೊನೆಯ ಕಪ್ಪು ಹಸು ಮಾತ್ರ ತಲೆ ತಗ್ಗಿಸಿ ನಿಂತಿದೆ, ಅದರ ಕಿವಿ ಅದುರಿತಾ, ನೊಣಕ್ಕೆ ಅದುರಿತಾ, ನನ್ನ ಎರಡು ಕಂಕುಳಲ್ಲಿ ಎರಡು ವಿನೆಗರ್ ಬಾಟಲಿ, ಕೈಯಲ್ಲಿ ಮೂರನೆಯದು, ವಿಷವೇರಿದರೆ ಕುಡಿಸಬೇಕಲ್ಲ ಅಂತ ಅಡುಗೆಮನೆಯಲ್ಲಿದ್ದದ್ದನ್ನೆಲ್ಲ ಬಾಚಿಕೊಂಡು ಓಡಿ ಬಂದಿದ್ದೇನೆ, ಇಷ್ಟು ಒಂದು ಹಸುವಿನ ಗಂಟಲು ನೆನೆಯಲಿಕ್ಕೂ ಸಾಲದು. ಬಟ್ಟೆ ಒಣಹಾಕುವಾಗ ಹೊಳೆಯಿತು, ಬೆಳಿಗ್ಗೆ ಆರಕ್ಕೆ ತೊಟ್ಟಿಯ ಮುಂದೆ ನಿಂತಿದ್ದೆ, ಜೋಳದ ನುಚ್ಚು, ಹಿಂಡಿ, ತೌಡು, ಖನಿಜದ ಪುಡಿ, ಕೊನೆಗೆ ಮೇವಿನ ಪುಷ್ಟಿಗೆ ಯೂರಿಯಾ, ಒಂದೇ ಲೋಟ, ಅಂಚಿಗೆ ಸಮನಾಗಿ, ಲೋಟ ತುಂಬಿದ್ದು ನೆನಪಿದೆ, ಅಷ್ಟರಲ್ಲಿ ಅಕ್ಕನ ಫೋನು, ಅಮ್ಮ ಇವತ್ತು ನನ್ನನ್ನೇ ಯಾರಮ್ಮಾ ನೀನು ಅಂತ ಕೇಳಿದ್ಳು ಕಣೇ, ಹೂಂ ಹೂಂ ಅಂದು ಫೋನಿಟ್ಟು ಬಂದರೆ ಲೋಟ ಖಾಲಿ, ಖಾಲಿ ಲೋಟ ನೋಡಿದೆ, ತುಂಬಿದೆ, ಸುರಿದೆ, ಕಲಸಿದೆ — ಮೊದಲೇ ಒಮ್ಮೆ ಸುರಿದಿದ್ದೆನೋ, ಇಲ್ಲ ತುಂಬಿದ್ದೇ ನಿನ್ನೆಯ ನೆನಪೋ, ದಿನಾ ಅದೇ ತೊಟ್ಟಿ ಅದೇ ಕೈ, ಒಂದು ಬೆಳಗಿಗೆ ಇನ್ನೊಂದು ಬೆಳಗು ಅಂಟಿಕೊಂಡಿದೆ, ಬಿಡಿಸಲು ಹೋದರೆ ಹರಿಯುತ್ತದೆ. ಅಮ್ಮನಿಗೂ ಮರೆವು ಶುರುವಾದದ್ದು ಹೀಗೇ, ನನ್ನದೇ ವಯಸ್ಸು ಆಗ, ಅಡುಗೆಗೆ ಎರಡು ಸಲ ಉಪ್ಪು, ನಾವೆಲ್ಲ ನಕ್ಕಿದ್ದೆವು, ಅಮ್ಮನೂ ನಕ್ಕಳು ಅಂದುಕೊಂಡಿದ್ದೆ, ಈಗ ಆ ಮುಖ ನೆನೆದರೆ ಅದು ನಗುವಾಗಿರಲಿಲ್ಲ, ಉಪ್ಪಾದರೆ ತಟ್ಟೆ ಸರಿಸಿ ಎದ್ದು ಹೋಗಬಹುದು, ಈ ಮೂಕಜೀವಗಳು ನಾನು ಕಲಸಿದ್ದೆಲ್ಲ ಒಳ್ಳೆಯದೇ ಅಂತ ಮುಖವಿಟ್ಟು ತಿನ್ನುತ್ತವೆ.

ನೀರಿನ ಪೈಪು ಎಳೆದುಕೊಂಡು ಬಂದಳು ನಾದಿನಿ, ಇಪ್ಪತ್ತು ವರ್ಷದಿಂದ ಹಸುಗಳನ್ನೂ ನನ್ನನ್ನೂ ಒಂದೇ ದನಿಯಲ್ಲಿ ಗದರುವವಳು, ಕಲಸುವುದು ನಾನು, ತಿನ್ನಿಸುವುದು ಹಾಲು ಕರೆಯುವುದು ಅವಳು, ಬಾಟಲಿಗಳನ್ನು ನೋಡಿದಳು, ಏನತ್ತಿಗೆ, ಒಂಬತ್ತನ್ನೂ ಉಪ್ಪಿನಕಾಯಿ ಹಾಕೋ ಯೋಚನೆನಾ, ನನಗೆ ನಗು ಬರಲಿಲ್ಲ, ಯೂರಿಯಾ ಎರಡು ಸಲ ಬಿತ್ತು ಅನ್ಸತ್ತೆ ಅಂದೆ, ಅವಳು ನಲ್ಲಿ ನಿಲ್ಲಿಸಿ ಬಂದಳು, ಅನ್ಸೋದೇನು ಬಂತು, ಬಿದ್ದಿದೆ, ಬಾಯಿಗಿಟ್ಟರೆ ಕಹಿ ಕಹಿ. ಬಾಯಿಗೆ ಯಾರಿಟ್ಟರು ಅಂದೆ. ನಾನೇ, ದಿನಾ, ಬೆರಳು ಒದ್ದೆ ಮಾಡಿಕೊಂಡು ಅದ್ದಿ ನಾಲಿಗೆಗೆ ಮುಟ್ಟಿಸಿ ಉಗಿದು, ಆಮೇಲೆ ತಾನೇ ಹಸುಗಳಿಗೆ, ಇವತ್ತಿನದು ಚೀಲಕ್ಕೆ ಕಟ್ಟಿ ಆಚೆ ಇಟ್ಟಿದ್ದಾಳಂತೆ, ನಿನ್ನೆ ಉಳಿದದ್ದನ್ನೂ ಹಸಿ ಜೋಳದ ಕಡ್ಡಿಯನ್ನೂ ಹಾಕಿದ್ದಾಳಂತೆ, ಆ ಕರಿಯದು ಬೆದೆಗೆ ಬಂದಿದೆಯಂತೆ, ಮೇವಿನ ಮೇಲೆ ಮನಸ್ಸಿಲ್ಲ ಮೇಡಮ್ಮಿಗೆ, ಅಷ್ಟೇ. ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತೆ, ಹಸುಗಳ ಬೆಚ್ಚಗಿನ ಉಸಿರು, ಸಗಣಿಯ ವಾಸನೆ ಕೂಡ ಹಿತವಾಗಿದೆ, ಒಂಬತ್ತೂ ಇವೆ, ಒಂಬತ್ತೂ — ಆಮೇಲೆ ತಡವಾಗಿ ಬಂತು, ದಿನಾ ಅಂದಳಲ್ಲ, ಇದು ಎಷ್ಟನೇ ಸಲ ಅಂದೆ, ಪೈಪು ಸುತ್ತುತ್ತಾ ಅಂದಳು, ಮೂರು. ಹೇಳಬಾರದಿತ್ತಾ ಅಂದೆ. ಹೇಳಿದ್ರೆ ನೀನು ಆ ಲೋಟ ಮುಟ್ತಿರಲಿಲ್ಲ, ನಿನ್ನಷ್ಟು ಹದವಾಗಿ ಕಲಸೋಕೆ ನಂಗೆ ಬರಲ್ಲ, ನಾಳೆ ಡಾಕ್ಟರ ಹತ್ರ ಇಬ್ಬರೂ ಹೋಗೋಣ, ಈಗ ಎದ್ದು ಆ ಬಾಟಲಿ ಒಳಗಿಡು. ಅಳು ಬರಬೇಕಿತ್ತು, ನಗು ಬಂತು, ಮೂರು ಸಲ, ನನಗೆ ಗೊತ್ತಿಲ್ಲದ ಮೂರು ಬೆಳಗು ಅವಳಿಗೆ ಗೊತ್ತು, ಇನ್ನು ನಾನೊಬ್ಬಳೇ ನೆನಪಿಟ್ಟುಕೊಳ್ಳಬೇಕಿಲ್ಲ, ಹೋದ ತಿಂಗಳು ಅವಳ ತುಟಿಯಂಚಿನಲ್ಲಿ ತೌಡು ಕಂಡು ಹಸುಗಳ ಜೊತೆ ನೀನೂ ಮೇಯ್ತೀಯೇನೇ ಅಂದಿದ್ದೆ, ಮುಂಗೈಯಿಂದ ಒರೆಸಿಕೊಂಡು ಬಕೆಟ್ಟು ಎತ್ತಿಕೊಂಡಿದ್ದಳು, ಜ್ವರವಿದ್ದ ದಿನವೂ ಮಾಡಿರಬೇಕು, ನನ್ನ ಜೊತೆ ಜಗಳವಾಡಿ ಮಾತುಬಿಟ್ಟ ವಾರವೂ, ಅಕ್ಕನಿಗೆ ಫೋನು ಮಾಡಬೇಕು, ಡಾಕ್ಟರು ಏನನ್ನುತ್ತಾರೋ, ಅಮ್ಮನಿಗೆ ಹೀಗೆ ಯಾರಾದರೂ — ಮನಸ್ಸು ಮುಂದಕ್ಕೆ ಹೋಗುತ್ತಿಲ್ಲ, ದಿನಾ ನಾನು ಬೆನ್ನು ತಿರುಗಿಸಿ ಮನೆಯ ಕಡೆ ನಡೆದ ಮೇಲೆ, ಅವಳು, ತೊಟ್ಟಿಯ ಮೇಲೆ ಬಗ್ಗಿ, ಒದ್ದೆ ಬೆರಳು, ತುದಿಯಲ್ಲಿ ತೌಡು, ತುಟಿಯವರೆಗೆ, ನಾಲಿಗೆಗೆ, ಒದ್ದೆ ಬೆರಳು, ನಾಲಿಗೆಗೆ —