ಹೊರಗಿನ ಎಣ್ಣೆ

ಕಿಟಕಿಯಾಚೆ ಒಂದು ಬಾಳೆತೋಟ ಹಿಂದೆ ಸರಿಯಿತು, ಎಲೆಗಳೆಲ್ಲ ಗಾಳಿಗೆ ಸೀಳಿ ಚಿಂದಿಯಾಗಿವೆ, ಯಾರ ತೋಟವೋ, ಬೇಲಿಗೆ ಗಿಡ ಹಚ್ಚಿದ್ದರೆ ಇಷ್ಟು ಹೊಡೆತ ತಿನ್ನುತ್ತಿರಲಿಲ್ಲ — ಡಬ್ಬಿ, ಕಾಲುಗಳ ಮಧ್ಯೆ ಡಬ್ಬಿ ಇದೆಯೇ, ಇದೆ, ಗಂಗಾವತಿಯ ಅಂಗಡಿಯ ಮಕ್ಬುಲಸಾಬ ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಬಿಗಿಯಾಗಿ ತಿರುವಿಕೊಟ್ಟಿದ್ದಾನೆ, ಆದರೂ ಬಸ್ಸು ತಗ್ಗಿಗಿಳಿದಾಗೆಲ್ಲ ಒಳಗೆ ಎಣ್ಣೆ ಗುಳುಗುಳು ಎನ್ನುತ್ತದೆ, ಪಕ್ಕದ ಮುದುಕಿ ಮೂಗಿಗೆ ಸೆರಗು ಹಿಡಿದು ಏನವ್ವಾ ಇದು ವಾಸನಿ, ಸೀಮೆಎಣ್ಣಿ ಏನು ಅಂದಳು, ಅಲ್ರಿ, ಟ್ರ್ಯಾಕ್ಟರಿಗೆ ಹಾಕೋ ಎಣ್ಣಿ ಅಂದೆ, ಅಯ್ಯ, ನಿಮ್ಮ ಮನ್ಯಾಗ ಗಂಡಸರು ಇಲ್ಲೇನು ನೀನು ಹೊತ್ಕೊಂಡು ಬಂದಿ, ಅಂದಳು. ಇದ್ದಾರೆ, ಇಬ್ಬರಿದ್ದಾರೆ, ಗಂಡ ಒಬ್ಬ, ಅವನ ತಮ್ಮ ಒಬ್ಬ. ಗಂಡ ಓಬಳೆಪ್ಪ — ಬಾಯಲ್ಲಿ ಹೆಸರು ಹೇಳುವುದಿಲ್ಲ, ಮನಸ್ಸಿನಲ್ಲಿ ಹೇಳಿದರೆ ಯಾರು ಕೇಳುತ್ತಾರೆ — ಓಬಳೆಪ್ಪ ಕೊಪ್ಪಳದ ಆ ಟ್ರ್ಯಾಕ್ಟರ್ ಷೋರೂಮಿನ ಮೆಟ್ಟಿಲು ಹತ್ತುವುದಿಲ್ಲ ಎಂದು ಕೂತಿದ್ದಾನೆ, ನನ್ನ ಸುಳ್ಳಗಾರ ಅಂದಾರ, ನಾ ಅಲ್ಲಿ ಹೋಗಾಂವಲ್ಲ, ನೀನ ಹೋಗಿ ಕಂಪನಿ ಸೀಲಿನ ಡಬ್ಬಿ ತಗೊಂಡು ಬಾ ಅಂದ, ಮೈದುನ ವಿರುಪಣ್ಣ ನಾ ಹೋಗಿ ಬರ್ತೀನಿ ವೈನಿ ಅಂದಿದ್ದ, ನೀ ಸುಮ್ನಿರು, ನಿನಗ ಮಾತಾಡಾಕ ಬರೂದಿಲ್ಲ ಎಂದು ಅಣ್ಣ ಬಾಯಿ ಮುಚ್ಚಿಸಿದ, ವಿರುಪಣ್ಣ ತಲೆ ತಗ್ಗಿಸಿ ಕಾಲಬೆರಳಿನಿಂದ ನೆಲ ಕೆರೆಯುತ್ತ ನಿಂತ. ಬೆಳಿಗ್ಗೆ ಅದೇಕೆ ಹಾಗೆ ನಿಂತನೋ ಗೊತ್ತಾಗಲಿಲ್ಲ, ಅಣ್ಣ ಗದರಿದ್ದಕ್ಕೆ ಅಂದುಕೊಂಡೆ. ಈಗ ಗೊತ್ತಾಗಿದೆ. ಗೊತ್ತಾಗದಿದ್ದರೆ ಚೆನ್ನಾಗಿತ್ತು.

ಆ ಖಾಕಿ ಬಟ್ಟೆಯ ಮೆಕ್ಯಾನಿಕ್ ಮೋಟಾರ್‌ಸೈಕಲ್ ಮೇಲೆ ಬಂದ ದಿನ — ಹೊಸ ಟ್ರ್ಯಾಕ್ಟರು, ಹಣೆಗೆ ಹಚ್ಚಿದ ಕುಂಕುಮವೇ ಇನ್ನೂ ಅಳಿಸಿರಲಿಲ್ಲ, ಹಿಂದೆ ಕಟ್ಟಿದ ರೆಂಟೆ, ನೆಲ ಉಳುವ ಕಬ್ಬಿಣದ ಹಲ್ಲುಗಳು, ಎತ್ತಿ ನಿಲ್ಲಿಸಿದರೆ ನಿಲ್ಲುತ್ತಿಲ್ಲ, ಎತ್ತಿದ್ದು ತಾನೇ ಮೆಲ್ಲಗೆ, ನಿದ್ದೆ ಬಂದ ಎಮ್ಮೆ ಕೂತಂತೆ ಕೆಳಗಿಳಿಯುತ್ತದೆ, ಗ್ಯಾರಂಟಿ ಇನ್ನೂ ಮುಗಿದಿಲ್ಲ, ಕಂಪನಿಯವರೇ ಬಂದು ನೋಡಲಿ ಎಂದು ಓಬಳೆಪ್ಪ ಹೇಳಿ ಕಳಿಸಿದ್ದ. ಗೇರಿಗೂ ರೆಂಟೆ ಎತ್ತುವ ಆ ಕಬ್ಬಿಣದ ತೋಳುಗಳಿಗೂ ಒಳಗೆ ಒಂದೇ ಎಣ್ಣೆಯಂತೆ, ಮೆಕ್ಯಾನಿಕ್ ಬಿರಡೆ ಬಿಚ್ಚಿ ಬೆರಳು ಅದ್ದಿದ, ಹೆಬ್ಬೆರಳಿಗೆ ತಿಕ್ಕಿದ, ಮೂಸಿದ, ಇದು ನಮ್ಮ ಎಣ್ಣಿ ಅಲ್ಲ, ಹೊರಗಿಂದು ಹಾಕೀರಿ ಅಂದ. ಓಬಳೆಪ್ಪನ ಮುಖ. ಕಂಪನಿ ಅಂದರೆ ದೇವರು ಅವನಿಗೆ, ಅವರು ಹೇಳಿದ ದಿನ ತೊಳೆದ, ಅವರು ಹೇಳಿದ ಹಾಗೆ ಓಡಿಸಿದ, ನೆರೆಯವರು ಒಂದು ಗಳಿಗೆ ಕೊಡು ಅಂದರೆ ಗ್ಯಾರಂಟಿ ಐತ್ರಿ, ಬ್ಯಾರೆಯವರ ಕೈ ಹತ್ತಬಾರದು ಎಂದು ನಿಷ್ಠುರವಾದ. ಹೇಮಗುಡ್ಡದ ದುರ್ಗವ್ವನ ಆಣಿ ಮಾಡಿ ಹೇಳ್ತೀನಿ, ಇದರಾಗ ಹೊರಗಿನ ಎಣ್ಣಿ ಒಂದ ಹನಿ ಬಿದ್ದಿಲ್ಲ ಅಂದ, ಓಣಿಯವರೆಲ್ಲ ನಿಂತಿದ್ದರು, ಎಲ್ಲರ ಮುಂದೆ ಅಂದ. ಮೆಕ್ಯಾನಿಕ್ ಬೆರಳು ಒರೆಸಿಕೊಳ್ಳುತ್ತ, ಆಣಿ ಎಲ್ಲಾ ಬ್ಯಾಡ್ರಿ, ಸೀಲಿನ ಡಬ್ಬಿ ತಂದು, ಹಳೇದು ಚೆಲ್ಲಿ ಹೊಸದು ಹಾಕ್ರಿ, ಆಮ್ಯಾಲೂ ರೆಂಟಿ ಇಳಿದ್ರ ಕಂಪನಿ ನೋಡ್ತೈತಿ, ಬ್ಯಾರೆ ಎಣ್ಣಿ ಹಾಕಿದ್ರ ಮಾತ್ರ ಗ್ಯಾರಂಟಿ ಹೋತು ಅಂತ ತಿಳ್ಕೊಳ್ರಿ ಅಂದು ಹೋದ. ವಿರುಪಣ್ಣ ಎಲ್ಲಿದ್ದ ಆಗ, ಅಲ್ಲೇ ಇದ್ದನೇ, ಮುಖ ನೆನಪಾಗುತ್ತಿಲ್ಲ, ಎಲ್ಲರ ಮುಖ ನೆನಪಿದೆ ಅವನದು ಮಾತ್ರ ಇಲ್ಲ, ಅವನು ಅಲ್ಲಿರಲೇ ಇಲ್ಲ, ಎಮ್ಮೆಗೆ ನೀರು ಕುಡಿಸುವ ನೆಪ ಮಾಡಿ ಹೋಗಿಬಿಟ್ಟಿದ್ದ.

ಬಸ್ಸು ನಿಂತಿತು, ಒಬ್ಬ ಭತ್ತದ ಸಸಿಯ ಕಟ್ಟು ಹೊತ್ತು ಹತ್ತಿದ, ಹಸಿರು ವಾಸನೆ, ನಮ್ಮ ಮಡಿಯಲ್ಲಿ ಸಸಿ ಬಲಿತು ಗಂಟು ಬೀಳುತ್ತಿದೆ, ಕಾಲುವೆಗೆ ನೀರು ಬಂದಾಗಿದೆ, ಎಲ್ಲರ ಗದ್ದೆ ಕೆಸರು ಮಾಡಿ ನಾಟಿಯಾಗುತ್ತಿದೆ, ನಮ್ಮದು ಮಾತ್ರ ನೀರು ನಿಂತು ಬೋಳಾಗಿದೆ — ಅದಕ್ಕೇ ಹೋದದ್ದು ನಾನು ಕೊಪ್ಪಳಕ್ಕೆ. ಷೋರೂಮಿನಲ್ಲಿ ಇಬ್ಬರು, ನಮ್ಮ ದೇಶದವರು ಇಂಗ್ಲೆಂಡಿನಲ್ಲಿ ಕಪ್ ಗೆದ್ದ ಕ್ರಿಕೆಟ್ ಆಟದ ಮಾತು ಇನ್ನೂ ಮುಗಿಸಿರಲಿಲ್ಲ, ಹೆಂಗಸು ಡಬ್ಬಿ ಕೇಳಲು ಬಂದಿದ್ದು ನೋಡಿ ಒಬ್ಬ ನಕ್ಕ, ಇನ್ನೊಬ್ಬ ಖಾಲಿ ಕಪಾಟು ತೋರಿಸಿದ, ಇಲ್ಲವ್ವ, ಹುಬ್ಬಳ್ಳಿಯಿಂದ ಬರಬೇಕು. ಯಾವಾಗ ಬರ್ತೈತ್ರಿ. ಬಂದಾಗ ಬರ್ತೈತಿ. ಸಸಿ ಬಲೀತಾವ್ರಿ. ಅದಕ್ಕ ನಾವೇನು ಮಾಡೂಣು. ಬ್ಯಾರೆ ಎಣ್ಣಿ ಹಾಕಿದ್ರ? ಹಾಕ್ರಿ, ನಿಮ್ಮ ಗಾಡಿ, ಆಮ್ಯಾಲೆ ಇಲ್ಲಿ ಬರಬ್ಯಾಡ್ರಿ ಅಷ್ಟ. ಗೋಡೆಯ ಮೇಲೆ ಚಿತ್ರದಲ್ಲಿ ನಮ್ಮಂಥದ್ದೇ ಟ್ರ್ಯಾಕ್ಟರು, ಮೇಲೆ ಕೂತವನ ಬಿಳಿ ಅಂಗಿಗೆ ಒಂದು ಚೂರು ಕೆಸರಿಲ್ಲ. ಹೊರಗೆ ಬಂದು ಬಸ್ಸಿಗೆ ನಿಂತಾಗ ಬರಿಗೈಯಲ್ಲಿ ಹೋದರೆ ಏನೆನ್ನುತ್ತಾನೆ ಎನ್ನುವುದೊಂದೇ ಯೋಚನೆ, ಬಸ್ಸಿನಲ್ಲಿ ಹೇಮಗುಡ್ಡ ಬಂದಾಗ ಕೈ ತಾನೇ ಮುಗಿಯಿತು, ಅವ್ವಾ, ಅವನು ನಿನ್ನ ಆಣೆ ಮಾಡಿದ್ದಾನೆ, ನೀನೇ ದಾರಿ ತೋರು ಅಂದೆ, ತೋರಿದ್ದು ಈ ದಾರಿ, ಗಂಗಾವತಿಯಲ್ಲಿಳಿದು ಕಾಲು ಎಳೆದತ್ತ ಹೋದರೆ ಮಕ್ಬುಲಸಾಬನ ಗಾಡಿ ಎಣ್ಣೆಯ ಅಂಗಡಿ.

ಯಾಕವ್ವ ಉಡಚಮ್ಮ, ನೀ ಬಂದಿ, ಆರಾಮ ಅದೀರಿಲ್ಲೋ ಎಂದು ಸ್ಟೂಲು ಸರಿಸಿಕೊಟ್ಟ, ನಾನು ಹೇಳಿದೆ, ರೆಂಟೆ ನಿಲ್ಲುವುದಿಲ್ಲ, ಕಂಪನಿ ಡಬ್ಬಿ ಸಿಗಲಿಲ್ಲ, ಡ್ರಮ್ಮಿನ ಮೇಲೆ ಬರೆದದ್ದಕ್ಕೆ ಬೆರಳು ಇಟ್ಟು ತೋರಿಸಿದ, ಅದ ಜಾತಿ ಎಣ್ಣಿ ಇದು, ಅವ್ರು ಡಬ್ಬಿ ಮ್ಯಾಲೆ ತಮ್ಮ ಚಿತ್ರ ಹಾಕ್ತಾರ ಅಷ್ಟ ಫರಕು, ಆದ್ರ ಗ್ಯಾರಂಟಿ ಹೋದ್ರ ನನ್ನ ಬೈಬ್ಯಾಡ್ರಿ, ವಿಚಾರ ಮಾಡಿ ತಗೋರಿ. ನಂಬಬೇಕೋ ಬೇಡವೋ, ಮಾರುವವನು ಮತ್ತೇನು ಹೇಳುತ್ತಾನೆ, ಕಂಪನಿಯವನೂ ಮಾರುವವನೇ, ಒಬ್ಬ ಇದ್ದದ್ದನ್ನು ಮಾರುತ್ತಾನೆ, ಇನ್ನೊಬ್ಬ ಇಲ್ಲದ್ದನ್ನು ಕಾಯಿರಿ ಅನ್ನುತ್ತಾನೆ — ಹಾಗಂತ ಯೋಚಿಸುತ್ತ ನಿಂತಾಗ ಮಕ್ಬುಲಸಾಬನೇ ಅಂದ, ಆದ್ರ ಅವತ್ತು ನಿನ್ನ ಮೈದುನ ಒಯ್ದಿದ್ದು ಇದಲ್ಲವ್ವ. ಯಾವತ್ತು? ಅದ, ನಿನ್ನ ಗಂಡ ಕುಷ್ಟಗಿಗೆ ಮದುವಿಗೆ ಹೋಗಿದ್ದನಂತಲ್ಲ, ಅವತ್ತು ವಿರುಪಣ್ಣ ಓಡ್ಕೋತ ಬಂದಿದ್ದ, ಲಾರಿ ಇಂಜಿನ್ನಿಂದ ತಗದ ಹಳೇ ಎಣ್ಣಿ ಐತೇನು ಅಂದ, ಬಂಡಿ ಅಚ್ಚಿಗೆ ಬೇಕಾಗೈತಿ ಅಂದ, ಅಚ್ಚಿಗೆ ಅಷ್ಟೊಂದು ಯಾಕ ಬೇಕು ಅಂತ ನನಗೂ ಅನಸ್ತು, ಕೊಟ್ಟೆ. ಅವನಿಗೂ ಅಲ್ಲೇ ಹೊಳೆಯಿತು, ನನ್ನ ಮುಖ ನೋಡಿ ಗಡ್ಡ ಸವರಿಕೊಂಡ, ಯಾ ಅಲ್ಲಾ, ಅದನ್ನ ಗೇರಿಗೆ ಹಾಕ್ಯಾನೇನು, ಸುಟ್ಟು ನೀರಾದ ಎಣ್ಣಿ ಅದು, ಅದರಾಗ ಕಬ್ಬಿಣದ ಪುಡಿ ಇರ್ತೈತಿ, ಒಳಗಿನ ವಾಷರು ತಿಂದು ಹಾಕ್ತೈತಿ, ಅದು ಹೋದ್ರ ತೋಳು ರೆಂಟಿ ತಡಿಯೂದಿಲ್ಲ, ಉಡಚಮ್ಮ, ಲಗೂ ಹೋಗು, ಎತ್ತಿದ ರೆಂಟಿ ಬುಡಕ ಯಾರನ್ನೂ ಹೋಗಾಕ ಬಿಡಬ್ಯಾಡ. ತಾನೇ ಡಬ್ಬಿ ತುಂಬಿ, ಬಸ್ಸಿನವರೆಗೆ ಹೊತ್ತು ತಂದು ಕೊಟ್ಟ.

ಹೇಳಬೇಕೇ. ಹೇಳದಿದ್ದರೆ ಹೊಲಸು ಎಣ್ಣೆ ಅಲ್ಲೇ ಉಳಿಯುತ್ತದೆ, ಹೇಳಿದರೆ ಅಣ್ಣತಮ್ಮಂದಿರಲ್ಲಿ ಒಲೆ ಎರಡಾಗುತ್ತದೆ. ಎಣ್ಣೆಗೆ ಸಿಟ್ಟಾಗುವವನಲ್ಲ ಓಬಳೆಪ್ಪ, ಆಣೆಗೆ ಸಿಟ್ಟಾಗುತ್ತಾನೆ, ಓಣಿಯವರ ಮುಂದೆ ದುರ್ಗವ್ವನ ಹೆಸರು ಹೇಳಿದ್ದಾನೆ, ಅದು ಸುಳ್ಳಾಯಿತು, ತಮ್ಮನೇ ಸುಳ್ಳು ಮಾಡಿದ. ವಿರುಪಣ್ಣ ಯಾಕೆ ಮಾಡಿದ — ಅವತ್ತು ಎಣ್ಣೆ ಸೋರಿರಬೇಕು, ಅಣ್ಣ ಬಂದು ನೋಡಿದರೆ ಕೆಡಿಸಿದಿ ಎನ್ನುತ್ತಾನೆಂದು ಹೆದರಿ ಸಿಕ್ಕದ್ದು ಸುರುವಿರಬೇಕು, ಮೀಸೆ ಬಂದರೂ ಅಣ್ಣನ ಎದುರು ಧ್ವನಿ ಏಳುವುದಿಲ್ಲ ಅವನಿಗೆ, ನಾನು ಈ ಮನೆಗೆ ಬಂದಾಗ ನನ್ನ ಸೆರಗಿನ ಹಿಂದೆ ನಿಂತು ಅಣ್ಣನನ್ನು ನೋಡುತ್ತಿದ್ದ, ಈಗಲೂ ಹಾಗೇ, ಸೆರಗಿನ ಮರೆ ಇಲ್ಲ ಅಷ್ಟೇ. ಮೆಕ್ಯಾನಿಕ್ ಮೂಸಿದಾಗಲಾದರೂ ಹೇಳಬಾರದಿತ್ತೇ ಮಾರಾಯ. ಡಬ್ಬಿ ಗುಳುಗುಳು. ಡ್ರೈವರ್ ನಿಧಾನ ಮಾಡಿದ್ದಾನೆ, ಯಾಕೆ, ದನ, ದನ ಅಡ್ಡ ಬಂದಿವೆ, ಹಾರ್ನು ಹೊಡಿಯೋ ಅಣ್ಣಾ, ಲಗೂ ಹೋಗು, ಬಂಡೆಗಳು ಬಂದವು, ಅಂಜನಾದ್ರಿ ಕಂಡಿತು, ಇಲ್ಲೇ ನಿಲ್ಲಸ್ರಿ, ಹನುಮನಹಳ್ಳಿತನಕ ಬ್ಯಾಡ, ನಮ್ಮ ಹೊಲದ ಹತ್ರ ನಿಲ್ಲಸ್ರಿ.

ಇಳಿದೆ, ಡಬ್ಬಿ ಸೊಂಟಕ್ಕೇರಿಸಿದೆ, ಇಂಜಿನ್ನಿನ ಸದ್ದು ಬರುತ್ತಿದೆ, ಯಾಕೆ ಚಾಲೂ ಮಾಡಿದ್ದಾರೆ, ನಾನು ಬರುವತನಕ ಮುಟ್ಟುವುದಿಲ್ಲ ಅಂದಿದ್ದನಲ್ಲ — ಬದುವಿನ ಮೇಲೆ ಹತ್ತಿದರೆ ಕಾಣುತ್ತಿದೆ, ಗದ್ದೆಯ ಅಂಚಿನ ಕೆಸರಿನಲ್ಲಿ ಟ್ರ್ಯಾಕ್ಟರು, ಸೀಟಿನ ಮೇಲೆ ವಿರುಪಣ್ಣ, ಹಿಂದೆ ಎತ್ತಿ ನಿಲ್ಲಿಸಿದ ರೆಂಟೆ, ರೆಂಟೆಯ ಕೆಳಗಿನಿಂದ ಎರಡು ಕಾಲು. ಓಬಳೆಪ್ಪನ ಕಾಲು. ಎಲ್ಲಿ ಸೋರುತ್ತದೆಂದು ನೋಡಲು ಅಂಗಾತ ಮಲಗಿದ್ದಾನೆ. ಹೊರಗ ಬರ್ರಿ ಎಂದು ಕೂಗಿದೆ, ಇಂಜಿನ್ನು ಆ ಕೂಗನ್ನು ತಿಂದುಹಾಕಿತು, ಓಡಿದೆ, ಕೆಸರು ಕಾಲು ಹಿಡಿಯಿತು, ಒಂದು ಕಾಲು ಕೀಳುವಷ್ಟರಲ್ಲಿ ಇನ್ನೊಂದು ಹೂಳುತ್ತದೆ, ಡಬ್ಬಿಯನ್ನು ತಲೆಯ ಮೇಲಕ್ಕೆತ್ತಿ ಆಡಿಸಿದೆ. ವಿರುಪಣ್ಣ ನೋಡಿದ. ಮೊದಲು ಡಬ್ಬಿ ನೋಡಿದ, ಮಕ್ಬುಲಸಾಬನ ಹಸಿರು ಡಬ್ಬಿ, ಆಮೇಲೆ ನನ್ನ ಮುಖ, ನನಗೆ ಗೊತ್ತಾಗಿದೆಯೆಂದು ಅವನಿಗೆ ತಿಳಿದದ್ದು ಅಷ್ಟು ದೂರದಿಂದಲೇ ಕಂಡಿತು, ಬಗ್ಗಿ ಅಣ್ಣಾ, ವೈನಿ ಬಂದ್ಲು ಅಂದಿರಬೇಕು. ಓಬಳೆಪ್ಪ ಕೆಳಗಿನಿಂದಲೇ ತಲೆ ಹೊರಳಿಸಿದ, ಅವನಿಗೂ ಡಬ್ಬಿಯೇ ಕಂಡಿತು, ಸೀಲಿಲ್ಲ, ಚಿತ್ರವಿಲ್ಲ, ಹಸಿರು ಡಬ್ಬಿ, ಸಿಟ್ಟಿನಿಂದ ಮೊಣಕೈ ಊರಿ ತೆವಳಿ ಹೊರಗೆ ಬಂದ, ಎದ್ದ, ನನ್ನತ್ತ ನಡೆದ, ಬೆನ್ನೆಲ್ಲ ಕೆಸರು, ಕಂಪನಿ ಡಬ್ಬಿ ಎಲ್ಲೈತಿ, ಏನು ತಂದಿ ಇದು, ದೇವಿ ಆಣಿ ಮಾಡೇನಿ ನಾನು, ಇದನ್ನ ಹಾಕಿದ್ರ ನನ್ನ ಆಣಿ ಏನಾತು, ಇಷ್ಟು ಜೋರಾಗಿ ಅವನು ನನಗೆ ಎಂದೂ ಬೈದಿರಲಿಲ್ಲ, ಬೈಯಲಿ, ಬೈಯಲಿ, ಇನ್ನೊಂದು ಹೆಜ್ಜೆ ಈ ಕಡೆ ಬಂದು ಬೈಯಲಿ — ಅವನ ಹಿಂದೆ ರೆಂಟೆ ಬಿತ್ತು. ಎಂದಿನಂತೆ ಮೆಲ್ಲಗೆ ಇಳಿಯಲಿಲ್ಲ. ಯಾರೂ ಏನೂ ಮುಟ್ಟಲಿಲ್ಲ, ವಿರುಪಣ್ಣನ ಎರಡೂ ಕೈ ಸ್ಟಿಯರಿಂಗಿನ ಮೇಲಿದ್ದವು. ಒಮ್ಮೆಲೇ ಬಿತ್ತು, ಸದ್ದು ಕೂಡ ದೊಡ್ಡದಲ್ಲ, ಸೆಗಣಿ ಬಿದ್ದಂತೆ ಪಚ್ ಅಂದಿತು. ಓಬಳೆಪ್ಪ ಬಾಯಿ ತೆರೆದುಕೊಂಡೇ ತಿರುಗಿದ.

ವಿರುಪಣ್ಣ ಇಂಜಿನ್ನು ಆರಿಸಿ ಇಳಿದು ಬಂದ, ಅಣ್ಣನ ಕಾಲು ಹಿಡಿದ, ನಾ ಹಾಕಿದ್ದೆ ಅಣ್ಣಾ, ನೀ ಕುಷ್ಟಗಿಗೆ ಹೋದಾಗ, ಲಾರಿ ಎಣ್ಣಿ, ನಾನ ಹಾಕಿದ್ದೆ, ಹೊಡಿ ನನ್ನ, ಎಂದು ಅತ್ತ. ಬಸ್ಸಿನುದ್ದಕ್ಕೂ ನಾನು ಹೆದರಿದ ಮಾತು ಇಷ್ಟು ಸುಲಭವಾಗಿ ಹೊರಬಿದ್ದಿತು. ಓಬಳೆಪ್ಪ ಹೊಡೆಯಲಿಲ್ಲ, ಬೈಯಲಿಲ್ಲ, ತಮ್ಮನ ತಲೆಯ ಮೇಲೆ ಒಂದು ಕೈ ಇಟ್ಟುಕೊಂಡೇ ಬಿದ್ದ ರೆಂಟೆಯ ಕಡೆ ನೋಡಿದ, ಆಮೇಲೆ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡ, ಹಳೇದು ಚೆಲ್ಲೂಣು, ವಾಷರು ಹಾಕಿಸೂಣು, ಇದನ್ನ ಹಾಕೂಣು, ಅಂದ. ಗ್ಯಾರಂಟಿ? ಹೋಗ್ಲಿ ಬಿಡು ಅಂದ, ಕೇಳಿದ್ದು ನಾನೋ ವಿರುಪಣ್ಣನೋ, ನಾನೇ ಇರಬೇಕು. ದುರ್ಗವ್ವನ ಗುಡಿಗೆ ಹೋಗಿ ತಪ್ಪಾತು ಅಂತ ಕಾಯಿ ಒಡದು ಬರೂಣು, ಮೂರೂ ಮಂದಿ, ಅಂದ, ಹೂಂ ಅಂದೆ, ಅವನು ಇನ್ನೂ ಏನೋ ಹೇಳುತ್ತಿದ್ದಾನೆ, ಸಸಿ, ನೀರು, ನಾಳೆ, ಎದುರಿಗೇ ನಿಂತಿದ್ದಾನೆ, ಉಸಿರು ಬೆಚ್ಚಗೆ ತಾಗುತ್ತಿದೆ, ಆದರೆ ಅಲ್ಲಿ ಕೆಸರಿನಲ್ಲಿಯೂ ಅವನೇ ಮಲಗಿದ್ದಾನೆ, ಭುಜದ ಅಚ್ಚು, ಬೆನ್ನಿನ ಅಚ್ಚು, ಮೊಣಕೈ ಊರಿದ ಎರಡು ತಗ್ಗು, ತಲೆ ಇಟ್ಟಲ್ಲಿ ದುಂಡನೆಯ ಗುಣಿ, ಗುಣಿಯ ನಟ್ಟನಡುವೆ ರೆಂಟೆಯ ಕಬ್ಬಿಣದ ಹಲ್ಲು, ಬುಡದವರೆಗೆ ಹೂತು ನಿಂತ ಹಲ್ಲು, ಸುತ್ತ ನೀರು ಒಸರಿ ಗುಣಿ ತುಂಬುತ್ತಿದೆ, ಅವನು ಉಡಚಮ್ಮಾ ಅಂದ, ಕೇಳಿಸುತ್ತಿದೆ, ಹೂಂ, ತಲೆಯ ಗುಣಿ, ನಡುವೆ ಹಲ್ಲು, ನೀರು ತುಂಬಿ ಅಚ್ಚಿನ ಅಂಚು ಕರಗುತ್ತಿದೆ, ಏ ಇವಳ, ಅಂದ, ಗುಣಿ, ಗುಣಿಯಲ್ಲಿ ಹಲ್ಲು —