ಪರದೆಯ ಹಿಂದಿನ ಸಿಳ್ಳೆ

ಶವದ ಕಾಲ ಬಳಿ ಹೂವಿಡುವ ನೆಪದಲ್ಲಿ ಹಕ್ಕಿ ಸಾಕಣೆ ಕೇಂದ್ರದ ಸಾಹೇಬರು ಬಗ್ಗಿ ಮಂಚದ ಕೆಳಗೆ ಇಣುಕಿದರು. ಗೋಡೆಗೊರಗಿ ಕೂತಿದ್ದ, ಸತ್ತವನ ಹೆಂಡತಿಯ ಕಣ್ಣಿಗೆ ಅದು ಬಿತ್ತು.

"ಅಲ್ಲೇನೂ ಇಲ್ಲ ಸಾರ್. ಪಂಜರ ಹಿತ್ತಲಲ್ಲಿದೆ. ಖಾಲಿ."

"ಛೆ, ನಾನು ಅದಕ್ಕಲ್ಲಮ್ಮ..." ಸಾಹೇಬರು ಕನ್ನಡಕ ತೆಗೆದು ಒರೆಸತೊಡಗಿದರು.

"ಸತ್ತ ಮೇಲೂ ತಪಾಸಣೆ ತಪ್ಪಲಿಲ್ಲ ಭಾವಂಗೆ," ಎಂದು ಅವಳ ತಮ್ಮ ಗೊಣಗಿದ. "ಹಕ್ಕಿ ಮಾರಿದ್ದಿದ್ರೆ ಆ ಮುರಿದ ಹಲ್ಲಾದ್ರೂ ಕಟ್ಟಿಸ್ಕೊಳ್ತಿರಲಿಲ್ವಾ?"

ಯಾರೋ ನಗಲು ಹೋಗಿ ಕೆಮ್ಮಿದರು. ಅವಳು ನಗಲಿಲ್ಲ. ಹಕ್ಕಿ ಮಾರಿದ್ದಾನೆಂಬ ಅನುಮಾನ ಅವಳಿಗೂ ಇತ್ತು.

*

ಆ ನೀಲಿ ಹಾಡುಹಕ್ಕಿ ಕಾಡಿನಿಂದ ಮಾಯವಾಗುತ್ತ ಬಂದು, ಸಾಕಣೆ ಕೇಂದ್ರದ ಮರಿಗಳಿಗೆ ಹಾಡು ಕಲಿಸಲು ದೊಡ್ಡ ಹಕ್ಕಿಗಳೇ ಉಳಿದಿರಲಿಲ್ಲ. ಯಂತ್ರದ ಸದ್ದಿಗೆ ಮರಿಗಳು ಕಿವಿಗೊಡಲಿಲ್ಲ. ಅಲ್ಲಿ ಕೆಲಸಕ್ಕಿದ್ದ ಅವನೇ, ಮರಿಗಳಿಗೆ ಮನುಷ್ಯರ ರೂಢಿಯಾಗದಂತೆ ಪರದೆಯ ಹಿಂದೆ ಕೂತು, ಸಿಳ್ಳೆ ಹಾಕಿ ಕಲಿಸಿದ. ಏಣಿಯಿಂದ ಬಿದ್ದು ಮುಂದಿನ ಹಲ್ಲು ಮುರಿದ ಮೇಲೆ ಸಿಳ್ಳೆಯ ಕೊನೆ 'ಸುಸ್' ಎಂದು ಸೋರುತ್ತಿತ್ತು.

"ಹಲ್ಲು ಕಟ್ಟಿಸ್ಕೊಳ್ರೀ," ಎನ್ನುತ್ತಿದ್ದಳು ಹೆಂಡತಿ.

"ಮರಿಗಳೇನು ನನ್ನ ಬಾಯಿ ನೋಡ್ತಾವಾ?"

ಬೆಳೆದ ಹಕ್ಕಿಗಳ ಕಾಲಿಗೆ ಕೆಂಪು ಬಳೆ ತೊಡಿಸಿ ಕಾಡಿಗೆ ಬಿಟ್ಟು ಬಂದವನೂ ಅವನೊಬ್ಬನೇ. ಕೇಂದ್ರದವರು ಕಾಡುಹಕ್ಕಿಯ ಹಳೆಯ ಧ್ವನಿಮುದ್ರಣ ಹಿಡಿದು ಹುಡುಕಿದರೆ ಆ ಹಾಡು ಎಲ್ಲೂ ಕೇಳಲಿಲ್ಲ. ಹಕ್ಕಿಗಳನ್ನು ಮಾರಿಕೊಂಡಿದ್ದಾನೆಂದು ಅವನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದರು.

ಅಂದಿನಿಂದ ನಸುಕಿಗೇ ಕಾಡಿಗೆ ಹೋಗಿ, ಮುಖ ಸಣ್ಣದು ಮಾಡಿಕೊಂಡು ಬರುತ್ತಿದ್ದ.

"ಯಾರನ್ನ ನೋಡೋಕೆ ಹೋಗ್ತೀರಿ?"

"ಹಕ್ಕಿಗಳನ್ನ ಕರೀತೀನಿ ಕಣೇ. ಸಾಹೇಬರ ಕಡೆ ಪೋಲಿಗಳು ಮರೆಯಲ್ಲಿ ನಿಂತು ನನ್ನ ಹಾಗೇ ಸಿಳ್ಳೆ ಹಾಕಿ ಅಣಕಿಸ್ತಾರೆ."

ಬೊಗಳೆ ಎಂದುಕೊಂಡಳು. ಹಕ್ಕಿ ಕೊಳ್ಳುವವರ ಸನ್ನೆಯೇ ಇರಬೇಕು ಅದು. ಕೆಲವೇ ದಿನಗಳಲ್ಲಿ ಅವನು ಸಿಳ್ಳೆ ಹಾಕುವುದನ್ನೇ ಬಿಟ್ಟ.

*

ಸ್ಮಶಾನ ಕಾಡಿನ ಅಂಚಿಗಿತ್ತು. ಶವವನ್ನು ಗುಂಡಿಯ ಪಕ್ಕ ಇಳಿಸಿದರು. ಅವಳ ತಮ್ಮ ಗುದ್ದಲಿಗೆ ಕೈ ಹಾಕಿದಾಗ ಸಿಳ್ಳೆ ಕೇಳಿಸಿತು. ಕೊನೆಗೆ ಅದೇ 'ಸುಸ್'.

"ಭಾವ!" ತಮ್ಮ ಹಿಂದಕ್ಕೆ ಸರಿದ.

ಎಲ್ಲರೂ ಸತ್ತವನ ಬಾಯಿಯನ್ನೇ ನೋಡಿದರು. ಸಾಹೇಬರೂ.

ಗಂಡ ಹೇಳಿದ್ದು ನಿಜವೇ ಎನಿಸಿ, ಅವಳೊಬ್ಬಳು ಆ ಪೋಲಿಗಳ ಮುಖಕ್ಕೆ ಉಗಿಯಲು ಪೊದೆಯತ್ತ ನುಗ್ಗಿದಳು. ಪೊದೆಯ ಹಿಂದೆ ಯಾರೂ ಇರಲಿಲ್ಲ. ಮೇಲೆ ಕೊಂಬೆಯಲ್ಲಿ, ಕಾಲಿಗೆ ಕೆಂಪು ಬಳೆ ತೊಟ್ಟ ನೀಲಿ ಹಕ್ಕಿ ಮತ್ತೆ ಕೊಕ್ಕು ತೆರೆಯಿತು. ಅದರ ಪಕ್ಕದಲ್ಲಿದ್ದ ಮರಿಯ ಕಾಲಲ್ಲಿ ಬಳೆಯಿರಲಿಲ್ಲ. ಅದು ಕತ್ತು ಕೊಂಕಿಸಿ ಆಲಿಸಿತು, ತಾನೂ ಶುರುಮಾಡಿತು, ನಡುವೆ ತೊದಲಿತು, ಕೊನೆಗೆ ಬಂದು 'ಸುಸ್' ಎಂದು ಸೋರಿಸಿತು.